ಬಾಳವ್ವನ ಸ್ಪ್ಯಾನಿಷ್ ಪಾಠ

ಆ ಊರಿಗೆ ನಾನು ಹೋದದ್ದು ಸ್ಪ್ಯಾನಿಷ್ ಕಲಿಸುವುದಕ್ಕೆ. ಅಲ್ಲಿನ ಹೆಂಗಸರು ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹೊಂದಿಸಿ ಕೌದಿ ಹೊಲಿಯುತ್ತಿದ್ದರು. ಅವು ಹೇಗೋ ಸಮುದ್ರದಾಚೆಯ ಒಂದು ಸ್ಪ್ಯಾನಿಷ್ ನಾಡಿನ ವ್ಯಾಪಾರಿಗಳ ಕಣ್ಣಿಗೆ ಬಿದ್ದು, ಚಳಿಗಾಲದಲ್ಲಿ ತಾವೇ ಬಂದು ನೋಡುತ್ತೇವೆಂದು ಅವರು ಹೇಳಿ ಕಳಿಸಿದ್ದರು. ದುಭಾಷಿಯನ್ನು ನಡುವೆ ನಿಲ್ಲಿಸಿದರೆ ಅವನು ಏನು ಹೇಳುತ್ತಾನೋ ಯಾರಿಗೆ ಗೊತ್ತು, ನಮ್ಮ ಮಾತು ನಾವೇ ಆಡುತ್ತೇವೆ ಎಂದು ಕೌದಿ ಸಂಘದ ಅಧ್ಯಕ್ಷೆ ನೀಲಗಂಗವ್ವ ಹಟ ಹಿಡಿದಳಂತೆ. ನಗರದ ಕಾಲೇಜೊಂದರಲ್ಲಿ ಸಂಜೆ ತರಗತಿ ನಡೆಸುತ್ತಿದ್ದ ನನಗೆ ಕರೆ ಬಂತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಟ್ರಂಕು, ಒಂದು ಹಾಸಿಗೆ, ಕಲಿಯುವವರಿಗೆಂದು ಬರೆದ ಒಂದು ವ್ಯಾಕರಣದ ಪುಸ್ತಕ ತೆಗೆದುಕೊಂಡು ಹೊರಟೆ.

ಬಸ್ಸಿಳಿದ ದಿನವೇ ಊರಿನ ಸಂಗತಿ ತಿಳಿಯಿತು. ನನ್ನನ್ನು ಕರೆದೊಯ್ಯಲು ನೀಲಗಂಗವ್ವನೇ ಬಂದಿದ್ದಳು. ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಕುಳಿತು, ನಮ್ಮೂರಿಗಿಂತ ಇಲ್ಲಿ ಸೆಕೆ ಹೆಚ್ಚು ಎನ್ನಲು ಹೊರಟೆ. "ನಮ್ಮೂರಿ" ಎಂಬಲ್ಲಿಗೆ ಮಾತು ನಿಂತಿತು. ಬಾಯಿ ತೆರೆದಿದೆ, ನಾಲಿಗೆ ಸಿದ್ಧವಾಗಿದೆ, ದನಿ ಇಲ್ಲ. ಚಹಾ ನೆತ್ತಿಗೇರಿತೇನೋ ಎಂದು ನೀರು ಕುಡಿದು ಮತ್ತೆ ಪ್ರಯತ್ನಿಸಿದೆ. ಅದೇ ಜಾಗದಲ್ಲಿ ಮತ್ತೆ ನಿಂತಿತು. ನೀಲಗಂಗವ್ವ ಬಸಿಯಲ್ಲಿ ಚಹಾ ಆರಿಸುತ್ತ, "ಜಗ್ಗಬ್ಯಾಡ್ರಿ ಅಕ್ಕಾರ, ಗಂಟಲು ನೋಯ್ತೈತಿ. ಶೆಕಿ ಐತಿ ಅನ್ರಿ, ಸಾಕು," ಎಂದಳು. ಅಲ್ಲಿ ಯಾರೂ ಮೇಡಂ ಎನ್ನುತ್ತಿರಲಿಲ್ಲ. ಪಾಠ ಹೇಳುವ ಹೆಂಗಸು ಯಾರಾದರೂ ಅಕ್ಕಾರು.

ಒಂದನ್ನು ಇನ್ನೊಂದರ ಪಕ್ಕಕ್ಕಿಟ್ಟು ತೂಗಿ ಹೇಳುವ ಮಾತು ಆ ಊರಿನಲ್ಲಿ ಹೊರಡುತ್ತಿರಲಿಲ್ಲ. ಇದಕ್ಕಿಂತ ಅದು ಎನ್ನಲು ಬರುತ್ತಿರಲಿಲ್ಲ, ಹೆಚ್ಚು ಕಡಿಮೆ ಎನ್ನಲು ಬರುತ್ತಿರಲಿಲ್ಲ. ಅವನಷ್ಟೇ ಇವನೂ, ಎರಡೂ ಒಂದೇ ಎಂಬ ಮಾತು ಕೂಡ ಗಂಟಲಿಗೆ ಅಂಟಿಕೊಳ್ಳುತ್ತಿತ್ತು. ಬರೆಯಲು ಹೋದರೆ ಪೆನ್ನು ನಿಲ್ಲುತ್ತಿತ್ತು, ಸನ್ನೆ ಮಾಡಹೋದರೆ ಕೈ ಜೋತು ಬೀಳುತ್ತಿತ್ತು. ಹಿಂದಿ, ಉರ್ದು, ಇಂಗ್ಲಿಷ್, ಊರಿಗೆ ಪರಿಚಯವಿದ್ದ ಎಲ್ಲ ಭಾಷೆಗೂ ಇದೇ ಗತಿ. ಹೊರಗಿನಿಂದ ಬಂದವರಿಗೆ ಊರ ಗಡಿ ದಾಟಿ ಹೋದ ಕೂಡಲೇ ಮಾತು ಮರಳುತ್ತಿತ್ತು. ಅಲ್ಲೇ ಬೆಳೆದವರಿಗೆ ಮಾತ್ರ ಎಲ್ಲಿಗೆ ಹೋದರೂ ಅದು ಬಾಯಿಗೂ ಇಲ್ಲ, ಕಿವಿಗೂ ಇಲ್ಲ. ಈಗ ನಾನು ಅಲ್ಲಿಲ್ಲ, ಅದಕ್ಕೇ ಇದನ್ನೆಲ್ಲ ಬರೆಯಲು ಆಗುತ್ತಿದೆ.

ಜನ ಒಗ್ಗಿಕೊಂಡಿದ್ದರು. ಸಂತೆಯಲ್ಲಿ ಬದನೆಕಾಯಿ ಆರಿಸುವವರು ಮಾತಿಲ್ಲದೆ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಚೀಲಕ್ಕೆ ಹಾಕುತ್ತಿದ್ದರು. ಹೆಣ್ಣು ನೋಡಿ ಬಂದವರು, "ಹುಡುಗಿ ಬಂದು ಕುಂತ್ಲು, ಅವಲಕ್ಕಿ ಕೊಟ್ಲು, ನಕ್ಕಳು," ಎಂದು ಹೇಳಿ ಸುಮ್ಮನಾಗುತ್ತಿದ್ದರು. ಶಾಲೆಯ ಓಟದ ಪಂದ್ಯ ಮುಗಿದ ಮೇಲೆ ಗುರುಗಳು, "ಈರಣ್ಣ ಬಂದ, ಆಮ್ಯಾಲೆ ಮಾಬೂಬ ಬಂದ, ಆಮ್ಯಾಲೆ ಉಳಿದವ್ರು ಬಂದ್ರು," ಎಂದು ಘೋಷಿಸಿ ಎಲ್ಲರಿಗೂ ಪೇರಲಹಣ್ಣು ಹಂಚುತ್ತಿದ್ದರು. ಹಾಗೆಂದು ಅದು ಸ್ವರ್ಗವೇನಲ್ಲ. ನಲ್ಲಿ ನೀರಿಗೆ, ಆಡು ಬೇಲಿ ನುಗ್ಗಿದ್ದಕ್ಕೆ ಚೆನ್ನಾಗಿಯೇ ಜಗಳ ನಡೆಯುತ್ತಿತ್ತು. ಮನಸ್ಸಿನಲ್ಲಿ ತೂಗುವುದನ್ನಂತೂ ಯಾರೂ ಬಿಟ್ಟಿರಲಿಲ್ಲ. ತೂಗಿದ್ದು ಒಳಗೇ ಉಳಿದು ಹಳತಾಗುತ್ತಿತ್ತು, ಅಷ್ಟೆ.

ಸಂಘದ ಹಜಾರದಲ್ಲಿ ಪಾಠ ಶುರುವಾಯಿತು. ಹೆಂಗಸರು ಕೌದಿ ತೊಡೆಯ ಮೇಲಿಟ್ಟು ಹೊಲಿಯುತ್ತಲೇ ಕಲಿಯುತ್ತಿದ್ದರು. ನಮಸ್ಕಾರ, ಕುಶಲ, ಬಣ್ಣಗಳು, ಎಣಿಕೆ ಎಲ್ಲ ಬೇಗ ಬಂದವು. ಕೌದಿಗೆ ಹತ್ತಿರದ ಪದ ಮಾಂತಾ ಎಂದಾಗ, "ಮಾಂತಾ ಅನ್ನಾಂವ ನಮ್ಮೂರಾಗ ಓಣಿಗೊಬ್ಬ ಅದಾನ, ಇಷ್ಟಕ್ಕ ಬ್ಯಾರೆ ದೇಶ ಬೇಕಾಗಿತ್ತೇನ್ರಿ?" ಎಂದು ನಕ್ಕರು. ಎಲ್ಲರಲ್ಲೂ ಚುರುಕಾಗಿದ್ದವಳು ಕಸ್ತೂರಿ. ಮೂವತ್ತರ ಆಸುಪಾಸಿನ, ಮಿತಭಾಷಿ ಹೆಣ್ಣು. ತಾಯಿ ಬಾಳವ್ವನ ಜೊತೆ ಬಾವಿ ಓಣಿಯಲ್ಲಿ ಇದ್ದಳು. ಅವಳು ಹಾಕಿದ ಹೊಲಿಗೆ ಸೂಜಿ ಹೋದ ದಾರಿ ಕಾಣದ ಹಾಗೆ ಇರುತ್ತಿತ್ತು. ಮಾತೂ ಹಾಗೆಯೇ, ಸ್ಪ್ಯಾನಿಷ್ ವಾಕ್ಯವನ್ನು ಒಳಗೆ ಪೂರ್ತಿ ಜೋಡಿಸಿಕೊಂಡ ಮೇಲೆಯೇ ಬಾಯಿ ತೆರೆಯುತ್ತಿದ್ದಳು.

ಪುಸ್ತಕದಲ್ಲಿ ಹೋಲಿಕೆಯ ಪಾಠ ಬಂದಾಗ ನಾನು ಹಾಳೆ ಮಗುಚಿ ಮುಂದಿನದಕ್ಕೆ ಹೋದೆ. ನೀಲಗಂಗವ್ವ ಬಿಡಲಿಲ್ಲ. "ಆ ಹಾಳಿ ಯಾಕ ಜಿಗದ್ರಿ?"

"ಇಲ್ಲಿ ಬರೋಲ್ಲ ನೀಲಗಂಗವ್ವ. ಆ ಥರದ ಮಾತು ಅದು."

"ಬಂದವ್ರು ಅದನ್ನ ಕೇಳ್ತಾರಲ್ರಿ. ಹೋದ ಸಲ ಶಹರದ ಸೇಠ ಬಂದಾಗ ಏನಾತು? ಆತ ಏನೋ ಕೇಳಾಕ ಹೋಗಿ ಬಾಯಿ ತಕ್ಕೊಂಡು ನಿಂತಾ, ನಾವೂ ಹಂಗ ನಿಂತ್ವಿ. ಪ್ರಯತ್ನ ಮಾಡ್ರಿ. ಬರದಿದ್ರ ಬರ್ಲಿಕ್ಕಿಲ್ಲ."

ನಾನು ಎರಡು ಕೌದಿ ಎತ್ತಿಕೊಂಡೆ. ಒಂದು ಹೊಸದಾಗಿ ಹೊಲಿದದ್ದು, ಇನ್ನೂ ಬಿರುಸು. ಇನ್ನೊಂದು ಹತ್ತಾರು ಸಲ ಒಗೆದು ಬೆಣ್ಣೆಯಾದದ್ದು. ಗಂಟಲು ನೋಯುತ್ತದೆಂದು ಗೊತ್ತಿದ್ದೇ ಬಾಯಿ ತೆರೆದೆ. "ಎಸ್ತಾ ಮಾಂತಾ ಎಸ್ ಮಾಸ್ ಸುವಾವೆ ಕೆ ಎಸಾ." ಈ ಕೌದಿ ಆ ಕೌದಿಗಿಂತ ಮೆತ್ತಗಿದೆ. ವಾಕ್ಯ ತುಂಡಾಗಲಿಲ್ಲ. ಮೊದಲಿನಿಂದ ಕೊನೆಯವರೆಗೆ ನೀರು ಹರಿದಂತೆ ಹರಿದು ಹೋಯಿತು. ಹಜಾರದಲ್ಲಿ ಸೂಜಿಗಳು ನಿಂತವು. ಅದರ ಅರ್ಥ ಹೇಳಲು ನನಗೆ ಕನ್ನಡವಿರಲಿಲ್ಲ. ಆದ್ದರಿಂದ ಒಬ್ಬೊಬ್ಬರ ಕೈಯನ್ನೂ ಆ ಕೌದಿಯೊಳಗೆ, ಈ ಕೌದಿಯೊಳಗೆ ಇಡಿಸಿ, ಪ್ರತಿ ಸಲವೂ ಅದೇ ವಾಕ್ಯ ಹೇಳಿದೆ. ಕಸ್ತೂರಿ ಕಣ್ಣು ಮುಚ್ಚಿ ಎರಡನ್ನೂ ಮುಟ್ಟಿದಳು. ಮತ್ತೆ ಕಣ್ಣು ತೆರೆದು, ಬಿರುಸು ಕೌದಿಯನ್ನು ತೋರಿಸಿ, "ಎಸಾ ಎಸ್ ಮೆನೋಸ್ ಸುವಾವೆ?" ಎಂದು ಕೇಳಿದಳು. ಹೆಚ್ಚು ಎಂಬ ಮಾಸ್ ಪದಕ್ಕೆ ಎದುರಾಗಿ, ಕಡಿಮೆ ಎಂಬುದಕ್ಕೆ ಮೆನೋಸ್ ಎಂಬ ಪದವಿದೆ ಎಂದು ನಾನು ಹೇಳಿಯೇ ಇರಲಿಲ್ಲ. ತೆರೆದಿದ್ದ ಪುಸ್ತಕದಲ್ಲಿ ಓದಿಕೊಂಡಿದ್ದಳು.

"ಈ ಭಾಷೆ ಊರಿಗೆ ಇನ್ನಾ ಗೊತ್ತಾಗಿಲ್ಲ ಅನಸ್ತೈತಿ," ಎಂದು ನೀಲಗಂಗವ್ವ ಮೆಲ್ಲಗೆ ಅಂದಳು. ಯಾರೋ ಎದ್ದು ಹೋಗಿ ಕಿಟಕಿ ಹಾಕಿ ಬಂದರು.

ಕಿಟಕಿ ಹಾಕಿದರೆ ನಿಲ್ಲುವ ಸುದ್ದಿಯೇ? ಒಂದು ವಾರದೊಳಗೆ ಸಂತೆಯಲ್ಲಿ ಮಾಸ್, ಮೆನೋಸ್ ಓಡಾಡಿದವು. ಪಾಠಕ್ಕೆ ಬಾರದವರೂ ಆ ಎರಡು ಪದ ಹಿಡಿದುಕೊಂಡಿದ್ದರು. ದವಾಖಾನೆಯಲ್ಲಿ ಡಾಕ್ಟರು ಕೈ ಹಿಡಿದು, "ಮಾಸೋ, ಮೆನೋಸೋ?" ಎಂದು ಕೇಳಿದರೆ ರೋಗಿ, "ಮೆನೋಸ್ ಐತ್ರಿ ಸಾಹೇಬ್ರ," ಎಂದು ಮುಖ ಅರಳಿಸುತ್ತಿದ್ದ. ಅದು ಒಳ್ಳೆಯ ಭಾಗ. ಇನ್ನೊಂದು ಭಾಗವೂ ಇತ್ತು. ಬಡಿಗೇರ ಅಣ್ಣತಮ್ಮಂದಿರು ಒಂದೇ ಅಂಗಳದಲ್ಲಿ ಬಾಗಿಲು, ಕಿಟಕಿ ಮಾಡಿಕೊಂಡು ಬಂದವರು. ತಮ್ಮನ ಉಳಿ ಮೆಹೋರ್ ಎಂದು ಗಿರಾಕಿಯೊಬ್ಬ ಅಂದದ್ದೇ ನೆಪವಾಗಿ ಅಂಗಳಕ್ಕೆ ತಡಿಕೆ ಕಟ್ಟಿಕೊಂಡರು. ಒಳ್ಳೆಯದಕ್ಕೆ ಮಾಸ್ ಹಚ್ಚಬಾರದು, ಮೆಹೋರ್ ಎಂಬ ಬೇರೆಯೇ ಪದವಿದೆ ಎಂದು ಕಲಿಸಿದವಳು ನಾನೇ. ಹಿಂದಿನ ಓಣಿಯ ಒಬ್ಬ ಸೊಸೆ ಅಡುಗೆಮನೆಯಲ್ಲಿ ಅತ್ತೆಯ ಸಾರಿಗೆ ಪೆಯೋರ್ ಎಂದಳು. ಇನ್ನೊಂದಕ್ಕಿಂತ ಕೆಟ್ಟದ್ದು ಎನ್ನುವ ಪದ ಅದು. ಅತ್ತೆ ಅರ್ಥ ಕೇಳಿಕೊಂಡು ನನ್ನ ಬಾಗಿಲಿಗೇ ಬಂದಳು. ನಾನು ಅರ್ಥ ಹೇಳಲಿಲ್ಲ. ಹೇಳಲು ಆಗುತ್ತಲೂ ಇರಲಿಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಕಸ್ತೂರಿ ನಾನಿದ್ದ ಕೋಣೆಗೆ ಬಂದಳು. ಕೆಳಗೆ ಹಿಟ್ಟಿನ ಗಿರಣಿ ಓಡುತ್ತಿತ್ತು. ಗಿರಣಿ ನಿಂತ ಮೇಲೆ ಅಂದಳು, "ಅಕ್ಕಾರ, ಒಂದು ವಾಕ್ಯ ಬೇಕಾಗಿತ್ತು."

"ಹೇಳಮ್ಮ."

"ಪ್ರೀತಿ ಮಾಡೂದಕ್ಕ ಏನಂತಾರ್ರಿ? ತಾಯಿ ಮಕ್ಕಳನ್ನ ಮಾಡ್ತಾಳಲ್ರಿ, ಆ ಪ್ರೀತಿ."

"ಕೆರೆರ್ ಅಂತಾರೆ. ಮೆ ಕಿಯೆರೆಸ್ ಅಂದರೆ, ನೀನು ನನ್ನನ್ನ ಪ್ರೀತಿಸ್ತೀಯ."

ಅವಳು ಅದನ್ನು ಬಾಯೊಳಗೇ ಹೊರಳಿಸಿದಳು. "ಅದಕ್ಕ ತಾಂತೋ ಕೋಮೋ ಹಚ್ಚಬೌದೇನ್ರಿ?"

ಸರಿಸಮ ಎನ್ನುವುದಕ್ಕೆ ಸ್ಪ್ಯಾನಿಷಿನಲ್ಲಿ ತಾಂತೋ ಕೋಮೋ ಎನ್ನುತ್ತಾರೆ. ಆ ಪಾಠ ಹಿಂದಿನ ದಿನವಷ್ಟೇ ಆಗಿತ್ತು. ಹಚ್ಚಬಹುದು ಎಂದೆ. ಅವಳು ಸ್ವಲ್ಪ ಹೊತ್ತು ಜೋಡಿಸಿಕೊಂಡು, ತಪ್ಪಿಲ್ಲದೆ ಹೇಳಿದಳು: "ಮೆ ಕಿಯೆರೆಸ್ ತಾಂತೋ ಕೋಮೋ ಆ ಮಹಾನಂದಾ?" ನನ್ನನ್ನು ಮಹಾನಂದಾಳಷ್ಟೇ ಪ್ರೀತಿಸುತ್ತೀಯಾ?

ಮಹಾನಂದಾ ಯಾರೆಂದು ಆಗ ಹೇಳಿದಳು. ಬಾಳವ್ವ ಹೆತ್ತ ಮಗಳು ಮಹಾನಂದಾ, ಈಗ ಮದುವೆಯಾಗಿ ಆಚೆ ಓಣಿಯಲ್ಲಿ ಎರಡು ಮಕ್ಕಳ ತಾಯಿ. ಕಸ್ತೂರಿ ಬಾಳವ್ವನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ಬಾಳವ್ವನ ಗಂಡ ಬೇರೆ ಊರಿನಲ್ಲಿ ಇನ್ನೊಬ್ಬಳ ಜೊತೆ ಇದ್ದ. ಆಕೆ ತೀರಿಕೊಂಡಾಗ ಮೂರು ವರ್ಷದ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ಬಾಳವ್ವನ ಪಡಸಾಲೆಯಲ್ಲಿ ಇಳಿಸಿದ. ಒಂದೂ ಮಾತಾಡಲಿಲ್ಲವಂತೆ. ಬಾಳವ್ವನೂ ಆಡಲಿಲ್ಲ. ಆವತ್ತಿನಿಂದ ಮನೆಯಲ್ಲಿ ಎಲ್ಲವೂ ಎರಡು ಪಾಲು. ಬೆಲ್ಲದ ತುಂಡನ್ನು ಒಡೆದು ಎರಡು ಅಂಗೈಯಲ್ಲಿಟ್ಟು ತೂಗಿ, ಬಲಗೈಯದು ಭಾರವೆನಿಸಿದರೆ ಚೂರು ಮುರಿದು ಎಡಗೈಗೆ ಹಾಕುತ್ತಿದ್ದಳು. ಲಂಗದ ಬಟ್ಟೆಯನ್ನು ಮೊಳ ಹಾಕಿ ಕತ್ತರಿಸುತ್ತಿದ್ದಳು. ಗಂಡ ಸತ್ತ ಮೇಲೂ ಇದು ತಪ್ಪಲಿಲ್ಲ.

"ನ್ಯಾಯವಾಗೇ ನಡಕೊಂಡಿದ್ದಾರಲ್ಲಮ್ಮ," ಎಂದೆ.

"ಅದ ಅಕ್ಕಾರ," ಎಂದಳು ಕಸ್ತೂರಿ. "ನ್ಯಾಯ ಮಾಡಿದ್ಲು. ಸ್ವಂತ ಮಗಳಿಗೆ ಯಾರರ ಅಳತಿ ಮಾಡಿ ಕೊಡ್ತಾರೇನ್ರಿ? ಓಣ್ಯಾಗ ಯಾರ ಮನ್ಯಾಗೂ ಅಳೀತಿರಲಿಲ್ಲ. ನಮ್ಮ ಮನ್ಯಾಗ ಅಳೀತಿದ್ಲು. ಅಕೀ ಬೆಲ್ಲ ತೂಗಿದಾಗೆಲ್ಲ ನನಗ ಅನಸ್ತಿತ್ತು, ನಾ ಹೊರಗಿನಾಕಿ ಅದಕ್ಕ ತೂಗಾಕಹತ್ತಾಳ ಅಂತ."

ಇಷ್ಟು ವರ್ಷ ಸುಮ್ಮನಿದ್ದವಳು ಈಗ ಕೇಳುವುದಕ್ಕೆ ಕಾರಣವಿತ್ತು. ಹೆತ್ತ ತಾಯಿಯ ಅಣ್ಣ, ಅಂದರೆ ಸೋದರಮಾವ, ಅವಳನ್ನು ಹುಡುಕಿ ಫೋನು ಮಾಡಿದ್ದ. ಮಕ್ಕಳಿಲ್ಲದ ದಂಪತಿ. ನಮ್ಮ ರಕ್ತ ನೀನು, ಬಂದುಬಿಡು, ಇಲ್ಲೇ ಇರು ಎಂದು ಗಂಡ ಹೆಂಡತಿ ಇಬ್ಬರೂ ಅತ್ತಿದ್ದರಂತೆ. ಹೇಳ್ತೀನಿ ಎಂದು ಇವಳು ಫೋನಿಟ್ಟಿದ್ದಳು. "ಅವ್ವ ಏನಂತಾಳೋ ಕೇಳಿ ಹೋಗೂದೋ ಇರೂದೋ ಮಾಡ್ತೀನ್ರಿ. ಈ ಮಾವನ ಮಾತು ಅವ್ವಗ ಹೇಳಬ್ಯಾಡ್ರಿ. ಹೇಳಿದ್ರ ಅಕೀ ಬಾಯಾಗ ಖರೇ ಬರೂದಿಲ್ಲ."

ಆ ದಿನ ಸಂಜೆಯೇ ಕೇಳಿದಳು. ಏನಾಯಿತೆಂದು ನನಗೆ ತಿಳಿಸಿದವಳು ಬಾಳವ್ವ. ಮರುದಿನ ಬೆಳಿಗ್ಗೆ ಮೆಟ್ಟಿಲನ್ನು ಒಂದೊಂದಾಗಿ ಹತ್ತಿ ಬಂದಳು. ಎಪ್ಪತ್ತರ ಹತ್ತಿರದ, ಸಣ್ಣ ಮೈಯ ಮುದುಕಿ. ಮುಂದಿನ ಎರಡು ಹಲ್ಲು ಇರಲಿಲ್ಲ. "ನನ್ನ ಮಗಳು ನಿನ್ನೆ ನನಗ ಏನೋ ಒಂದು ಕೇಳಿದ್ಲ್ರಿ," ಎಂದಳು. "ನಿಮ್ಮ ಭಾಷಾದಾಗ. ಏನವ್ವಾ ಅಂದ್ರ ಹೇಳಾಕ ಬಾಯಿ ತಗದ್ಲು, ಹೇಳಾಕಾಗಲಿಲ್ಲ. ಕಣ್ಣಾಗ ನೀರು ತಂದು ಒಳಗ ಹೋದ್ಲು. ಏನ್ರಿ ಅದು?"

ನಾನೂ ಬಾಯಿ ತೆರೆದೆ. ನನಗೂ ಆಗಲಿಲ್ಲ. ಬಾಳವ್ವ ನನ್ನ ಮುಖವನ್ನೇ ನೋಡುತ್ತಿದ್ದು, ತಲೆಯಾಡಿಸಿದಳು. "ಹಂಗಾದ್ರ ಕಲಸ್ರಿ," ಎಂದಳು.

ದಿನಾ ಬೆಳಿಗ್ಗೆ, ಕಸ್ತೂರಿ ಸಂಘಕ್ಕೆ ಹೋದ ಮೇಲೆ ಬರುತ್ತಿದ್ದಳು. ಅವಳಿಗೆ ಓದು ಬರಹವಿಲ್ಲ. ಮನೆಯಿಂದ ರೊಟ್ಟಿ ತರುತ್ತಿದ್ದಳು, ತುಂಡು ಬಟ್ಟೆ ತರುತ್ತಿದ್ದಳು. ಸೂಜಿ ಮತ್ತು ಗೋಣಿ ಹೊಲಿಯುವ ದಬ್ಬಣ ಪಕ್ಕಪಕ್ಕ ಇಟ್ಟು ಮಾಸ್ ಕಲಿತೆವು, ಮೆನೋಸ್ ಕಲಿತೆವು. ಪದ ಮರೆತರೆ ತನ್ನ ಮೇಲೇ ಸಿಟ್ಟು ಮಾಡಿಕೊಂಡು ಹಣೆ ಬಡಿದುಕೊಳ್ಳುತ್ತಿದ್ದಳು. ಒಂದು ದಿನ ಎರಡು ರೊಟ್ಟಿಯನ್ನು ಒಂದರ ಮೇಲೊಂದು ಹೊಂದಿಸಿ, ಅಂಚು ಅಂಚಿಗೆ ಕೂಡಿಸಿ, "ತಾಂತೋ ಕೋಮೋ," ಎಂದೆ. ಕಿಯೆರೆಸ್ ಎಂದರೆ ಏನೆಂದು ಅದಕ್ಕೆ ಮೊದಲೇ ಹೇಳಿಯಾಗಿತ್ತು. ಬಾಳವ್ವ ರೊಟ್ಟಿಯ ಅಂಚಿನ ಸುತ್ತ ಬೆರಳಾಡಿಸಿದಳು. ತುಟಿ ಅಲುಗಿಸುತ್ತ ಮಗಳು ಕೇಳಿದ ವಾಕ್ಯವನ್ನು ಒಂದೊಂದೇ ಪದ ನೆನಪು ಮಾಡಿಕೊಂಡಳು. ಮಹಾನಂದಾ ಎಂಬ ಹೆಸರಿಗೆ ಬಂದಾಗ ಕೈ ನಿಂತಿತು. ಗಿರಣಿ ಶುರುವಾಗಿ, ನಿಂತು, ಮತ್ತೆ ಶುರುವಾಯಿತು.

"ಇದನ್ನ ಹೊಟ್ಟ್ಯಾಗ ಇಟ್ಕೊಂಡಿದ್ಲೇನ್ರಿ?" ಎಂದು ಕೊನೆಗೆ ಕೇಳಿದಳು.

"ತಾಂತೋ ಕೋಮೋ ಅಂದರೆ ಸಾಕು ಬಾಳವ್ವ," ಎಂದೆ. "ಅವಳು ಕಾಯ್ತಿದ್ದಾಳೆ. ಇವತ್ತೇ ಹೋಗಿ ಅಂದುಬಿಡಿ."

"ಆಗ, ಈಗ ಅನ್ನಾಕ ಏನಂತಾರ್ರಿ?"

ನನಗೆ ಹೆದರಿಕೆಯಾಯಿತು. ಆಗ ಎನ್ನುವುದಕ್ಕೆ ಆಂತೆಸ್, ಈಗ ಎನ್ನುವುದಕ್ಕೆ ಆವೊರಾ ಎಂದು ಹೇಳಿಕೊಟ್ಟೆ. ಆದರೂ ಸುಮ್ಮನಿರಲಾಗದೆ, "ಉದ್ದ ಮಾಡಬೇಡಿ ಬಾಳವ್ವ. ಮಗಳ ಮನಸ್ಸು ನೋಯೋ ಹಾಗೆ ಏನೂ ಹೇಳಬೇಡಿ. ತಾಂತೋ ಕೋಮೋ, ಅಷ್ಟೇ ಅನ್ನಿ," ಎಂದೆ. ಮಾವನ ವಿಷಯ ನಾಲಿಗೆಯ ತುದಿಗೆ ಬಂದಿತ್ತು, ಕೊಟ್ಟ ಮಾತಿಗೆ ನುಂಗಿಕೊಂಡೆ.

ಬಾಳವ್ವ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿದಳು. "ಸುಳ್ಳ ಹೇಳೂದಾದ್ರ ಹೊಸಾ ಭಾಷಾ ಯಾಕ ಕಲೀಬೇಕ್ರಿ ಅಕ್ಕಾರ?" ಎಂದು ಎದ್ದು ಹೋದಳು.

ಆ ವಾರದಲ್ಲೇ ವ್ಯಾಪಾರಿಗಳು ಬಂದರು. ಇಬ್ಬರು ಗಂಡಸರು, ಅವರ ಜೊತೆ ನರೆಗೂದಲಿನ ಒಬ್ಬ ಹೆಂಗಸು. ಹಜಾರದ ತುಂಬ ಕೌದಿ ಹರವಿದ್ದೆವು. ನಮಸ್ಕಾರ, ಕುಶಲ, ಬಣ್ಣಗಳ ಮಾತು ಚೆನ್ನಾಗಿ ನಡೆಯಿತು. ಆ ಹೆಂಗಸು ಎರಡು ಕೌದಿ ತೋರಿಸಿ, ಇವುಗಳಲ್ಲಿ ಯಾವುದು ಮೆಹೋರ್ ಎಂದು ಕೇಳಿದಳು. ನೀಲಗಂಗವ್ವ ಉತ್ಸಾಹದಿಂದ ಬಾಯಿ ತೆರೆದಳು. "ಎಸ್ತಾ ಎಸ್" ಎಂಬಲ್ಲಿಗೆ ನಿಂತಳು. ಮತ್ತೆ ಪ್ರಯತ್ನಿಸಿದಳು. ನನ್ನ ಕಡೆ ನೋಡಿದಳು. ನಾನು ಹೇಳಹೋದೆ. ಆ ಪದ ನನ್ನ ಗಂಟಲಲ್ಲೂ ನಿಂತಿತು. ಆಕೆ ಕೇಳಿದ ಆ ಗಳಿಗೆಯಲ್ಲೇ ಊರಿಗೆ ಸ್ಪ್ಯಾನಿಷ್ ಗೊತ್ತಾಗಿಬಿಟ್ಟಿತ್ತು.

ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಕಸ್ತೂರಿ ಎದ್ದಳು. ಬಂದ ಹೆಂಗಸಿನ ಕೈ ಹಿಡಿದು ಒಂದು ಕೌದಿಯ ಮಡಿಕೆಯೊಳಗೆ ಇಟ್ಟಳು. ಬಿಸಿಯಾಗುವ ತನಕ ಬಿಟ್ಟು, ತೆಗೆದು, ಇನ್ನೊಂದರೊಳಗೆ ಇಟ್ಟಳು. ಆಕೆ ಕಣ್ಣರಳಿಸಿ ನಕ್ಕಳು. ಆಮೇಲೆ ಆ ಮೂವರೂ ಬೂಟು ಬಿಚ್ಚಿ ನೆಲದ ಮೇಲೆ ಕುಳಿತು ಸಂಜೆಯವರೆಗೆ ಕೌದಿಯೊಳಗೆ ಕೈಯಿಟ್ಟು ನೋಡಿದರು. ಅರ್ಧ ಹಜಾರದ ಕೌದಿ ಮಾರಿಹೋದವು. ಸಂಘದವರು ಕುಣಿಯುವುದೊಂದು ಬಾಕಿ. ಕಸ್ತೂರಿ ಮಾತ್ರ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಹತ್ತಿರ ಹೋದಾಗ, "ಉಳಿದ ಪದ ಯಾವಾಗ ಹೋಗ್ತಾವ್ರಿ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ಮರುದಿನ ಪೆಯೋರ್ ಹೋಯಿತು. ಅದಕ್ಕೆ ಯಾರೂ ದುಃಖಪಡಲಿಲ್ಲ. ಅದರ ಮಾರನೆಯ ದಿನ ದವಾಖಾನೆಯಲ್ಲಿ ಮಾಸ್ ನಿಂತುಹೋಯಿತು. ಬಡಿಗೇರರು ಇನ್ನೂ ತಡಿಕೆ ಬಿಚ್ಚಿರಲಿಲ್ಲ, ಆದರೆ ಅಣ್ಣ ಅದರ ಸಂದಿಯಿಂದ ತಮ್ಮನಿಗೆ ಅಂಟಿನ ಡಬ್ಬಿ ದಾಟಿಸುತ್ತಿದ್ದುದನ್ನು ನೋಡಿದೆ. ನಾನು ಗಡಿಬಿಡಿಯಿಂದ ಬಾವಿ ಓಣಿಯ ಕಡೆ ನಡೆದೆ. ದಾರಿಯಲ್ಲಿ ಒಬ್ಬಳೇ ತಾಂತೋ ಕೋಮೋ ಎಂದು ಹೇಳಿ ನೋಡಿಕೊಂಡೆ. ಬಂತು. ಮೆನೋಸ್ ಕೂಡ ಬಂತು.

ಅಡುಗೆಮನೆಯ ಒಲೆಯ ಮೇಲೆ ಹಾಲಿಟ್ಟು, ತಾಯಿ ಮಗಳಿಬ್ಬರೂ ಪಡಸಾಲೆಯಲ್ಲಿ ಒಂದೇ ಕೌದಿಯನ್ನು ಎರಡು ಕಡೆಯಿಂದ ಹೊಲಿಯುತ್ತ ಕುಳಿತಿದ್ದರು. ಬಾಳವ್ವ ನನ್ನನ್ನು ನೋಡಿ, "ಬಂದ್ರಿ? ಚಲೋ ಆತು. ಕುಂದರ್ರಿ. ನಾ ತಪ್ಪಿದ್ರ ತಿದ್ರಿ," ಎಂದಳು. ಕಸ್ತೂರಿ ತಲೆಯೆತ್ತಿದಳು. ಬಾಳವ್ವ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನೀ ಕೇಳಿದ್ದು ನನಗ ತಿಳೀತು," ಎಂದಳು. "ಕೇಳು ಇಲ್ಲೆ. ಆಂತೆಸ್, ಮೆನೋಸ್."

ಆಗ, ಕಡಿಮೆ.

ಕಸ್ತೂರಿಯ ಕೈ ಅಲುಗಲಿಲ್ಲ. ಮುಖ ಮಾತ್ರ ನೋಡುನೋಡುತ್ತಿದ್ದಂತೆ ಮುಚ್ಚಿಕೊಂಡಿತು. ನಾನು ನೆಲ ನೋಡಿದೆ.

"ಆಂತೆಸ್, ಮೆನೋಸ್," ಎಂದು ಬಾಳವ್ವ ಇನ್ನೊಮ್ಮೆ ಹೇಳಿದಳು. "ನಿನ್ನ ನೋಡಿದಾಗೆಲ್ಲ ನಿಮ್ಮಪ್ಪನ ಮ್ಯಾಲೆ ನನಗ ಸಿಟ್ಟು ಬರ್ತಿತ್ತು. ನಾ ಬೆಲ್ಲ ಒಡದ್ರ ನನ್ನ ಕೈ ತಾನ ಮಹಾನಂದಾನ ಕಡೆ ಸರೀತಿತ್ತು. ನನ್ನ ಕೈ ಮ್ಯಾಲೆ ನನಗ ನಂಬಿಗಿ ಇರಲಿಲ್ಲವ್ವ. ಅದಕ್ಕ ತೂಗಿದೆ. ನಿನ್ನ ಸಲುವಾಗಿ ಅಲ್ಲ, ನನ್ನ ಕೈಗೆ ಹಗ್ಗಾ ಹಾಕಾಕ ತೂಗಿದೆ. ಆಮ್ಯಾಲೆ ಅದು ರೂಢಿ ಆಗಿ ಹೋತು, ಬೇಕಿಲ್ಲದಿದ್ರೂ ಬಿಡಲಿಲ್ಲ."

"ಯಾವಾಗ ಬ್ಯಾಡಾತು?" ಎಂದಳು ಕಸ್ತೂರಿ. ಅವಳ ದನಿ ಬಹಳ ಸಣ್ಣದಾಗಿತ್ತು.

"ನೀ ಒಮ್ಮೆ ಹೇಳದ ಕೇಳದ ಹೋಗಿದ್ದ್ಯಲ್ಲ, ಸಾಲೀ ಬಿಟ್ಟ ಮ್ಯಾಲೆ. ಇಟ್ಟಂಗಿ ಭಟ್ಟಿ ಕಡೆ. ಹೊತ್ತು ಮುಣಗಿದ್ರೂ ಬರಲಿಲ್ಲ. ಮನ್ಯಾಗ ಮಹಾನಂದಾಗ ಜ್ವರಾ ಬಂದು ಮೈ ಕೆಂಡಾಗಿತ್ತು. ನಾ ಚಪ್ಪಲಿ ಸೈತ ಹಾಕ್ಕೊಳ್ಳಿಲ್ಲ, ಓಡಿದೆ. ಭಟ್ಟಿ ಹಿಂದ ನೀ ಮಕ್ಕೊಂಡಿದ್ದಿ. ಎತ್ತಿ ಹೆಗಲಿಗೆ ಹಾಕ್ಕೊಂಡು ಬಂದೆ. ದಾರಿಗುಂಟ ನಿನ್ನ ಉಸರು ಕೇಳ್ಕೋಂತ ಬಂದೆ." ಬಾಳವ್ವ ಕೌದಿಯ ಮಡಿಕೆಯನ್ನು ಬೆರಳಿನಿಂದ ತೀಡಿದಳು. ಮುಂದಿನ ಮಾತು ಅವಳಿಗೆ ಸುಲಭವಿರಲಿಲ್ಲ. "ಮನೀ ಬಾಗಲಕ್ಕ ಬಂದಾಗ ಒಳಗ ಮಹಾನಂದಾ ನರಳೂದು ಕೇಳಿಸ್ತು. ಆಗ ನನಗ ಅಕೀ ನೆಪ್ಪಾದ್ಲು. ಅಲ್ಲೀತನಕಾ ಮನ್ಯಾಗ ಇನ್ನೊಂದು ಕೂಸೈತಿ ಅನ್ನೂದು ಮರತ ಹೋಗಿತ್ತು ನನಗ. ಹಡದಾಕಿ ನಾನು, ಮರತಿದ್ದೆ. ಹೊಸ್ತಲಾ ಹಿಡಕೊಂಡು ನಿಂತ್ಬಿಟ್ಟೆ. ಇದನ್ನ ಮಹಾನಂದಾಗ ಇವತ್ತಿನ ತನಕಾ ಹೇಳಿಲ್ಲ."

ಕಸ್ತೂರಿಯ ಕಣ್ಣಿನಿಂದ ನೀರು ಇಳಿದು ಗದ್ದಕ್ಕೆ ಬಂತು, ಅವಳು ಒರೆಸಿಕೊಳ್ಳಲಿಲ್ಲ. ಬಾಳವ್ವ ಮಗಳ ಕಡೆಗೆ ಬಗ್ಗಿದಳು. "ಅದಕ್ಕ ಕೇಳು. ಆವೊರಾ," ಎಂದಳು. ಈಗ. ಅಷ್ಟು ಹೇಳಿ ಮುಂದಿನ ಪದಕ್ಕೆ ಬಾಯಿ ತೆರೆದಳು.

ದನಿ ಬರಲಿಲ್ಲ.

ಇನ್ನೊಮ್ಮೆ ಪ್ರಯತ್ನಿಸಿದಳು. ಕತ್ತಿನ ನರ ಉಬ್ಬಿದವು. ಗಾಬರಿಯಿಂದ ನನ್ನ ಕಡೆ ತಿರುಗಿದಳು. ನಾನು ಹೇಳಲು ಹೋದೆ, ನನಗೂ ಬರಲಿಲ್ಲ. ದಾರಿಯಲ್ಲಿ ಬಂದ ಮಾತು ಈ ಪಡಸಾಲೆಯಲ್ಲಿ ಇರಲಿಲ್ಲ. ಬಾಳವ್ವ ಎರಡೂ ಕೈಯಲ್ಲಿ ಕೌದಿಯ ಅಂಚು ಹಿಡಿದು ಮೂರನೆಯ ಸಲ ಬಾಯಿ ತೆರೆದಳು. ಅವಳ ತುಟಿಗಳು ಕೂಡಲಿಲ್ಲ. ಹಲ್ಲಿಲ್ಲದ ಸಂದಿನಲ್ಲಿ ನಾಲಿಗೆಯ ತುದಿ ಬಂದು ನಿಂತು, ಅಲ್ಲೇ ತಡವರಿಸಿತು. ಮಾಸ್ ಎನ್ನಲಿ, ಮೆನೋಸ್ ಎನ್ನಲಿ, ಮೊದಲು ತುಟಿ ಕೂಡಲೇಬೇಕು. ನಾಲಿಗೆ ಮೊದಲು ಹಲ್ಲಿಗೆ ಬರುವ ಪದ ನಾನು ಆಕೆಗೆ ಕಲಿಸಿದ್ದರಲ್ಲಿ ಒಂದೇ, ತಾಂತೋ.

ಕಸ್ತೂರಿ ತಾಯಿಯ ಬಾಯಿಯನ್ನೇ ನೋಡುತ್ತಿದ್ದಳು. ಸೂಜಿಯ ಕಣ್ಣಿಗೆ ದಾರ ಪೋಣಿಸುವಾಗ ನೋಡುತ್ತಾರಲ್ಲ, ಹಾಗೆ.

"ಹೊರಡವಲ್ದವ್ವ," ಎಂದು ಬಾಳವ್ವ ಅಳುವ ಹಾಗಾದಳು. "ಕೇಳಿಸ್ತೇನು? ಇಷ್ಟರೆ ಕೇಳಿಸ್ತೇನು?"

"ಕೇಳಿಸ್ಲಿಲ್ಲವ್ವ," ಎಂದಳು ಕಸ್ತೂರಿ. "ಕಾಣಿಸ್ತು."

ಅವಳು ಕೌದಿಯನ್ನು ಪಕ್ಕಕ್ಕೆ ಸರಿಸಿ, ಮೊಣಕಾಲ ಮೇಲೆ ತೆವಳಿ ಹೋಗಿ ತಾಯಿಯ ತೊಡೆಯ ಮೇಲೆ ಮುಖವಿಟ್ಟಳು. ಬಾಳವ್ವನ ಕೈ ಅವಳ ತಲೆಯ ಮೇಲೆ ಬಿತ್ತು. ನಾನು ಏಳಲೋ ಇರಲೋ ತಿಳಿಯದೆ ಗೋಡೆಯ ಕಡೆ ಮುಖ ಮಾಡಿ ಕುಳಿತೆ. ಎಷ್ಟು ಹೊತ್ತು ಹಾಗಿದ್ದೆವೋ, ಮೂಲೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಕಸ್ತೂರಿ ಎದ್ದು, ಸೆರಗಿನಿಂದ ಮುಖ ಒರೆಸಿಕೊಂಡು ಎತ್ತಿಕೊಂಡಳು. ಆ ಕಡೆಯ ಗಂಡಸಿನ ದನಿ ನನಗೂ ಕೇಳಿಸಿತು, ಏನು ಯೋಚನೆ ಮಾಡಿದೆ ಎಂದು ಮೆದುವಾಗಿ ಕೇಳುತ್ತಿತ್ತು.

"ಹೂನ್ರಿ ಮಾಮಾ, ಬರ್ತೀನಿ," ಎಂದಳು. ನಾನು ಗೋಡೆಯಿಂದ ಮುಖ ತಿರುಗಿಸಿ ನೋಡಿದೆ. "ಹಬ್ಬಕ್ಕ ಬರ್ತೀನ್ರಿ, ಅವ್ವನ್ನೂ ಕರಕೊಂಡು ಬರ್ತೀನಿ. ಅತ್ತೀಗೂ ಹೇಳ್ರಿ. ಎರಡು ದಿನಾ ಇದ್ದು ಹೊಳ್ಳಿ ನಮ್ಮ ಮನೀಗೆ ಬರ್ತೀವಿ." ಒಳಗಿನಿಂದ ಸೀದ ವಾಸನೆ ಬಂತು. "ಇಡ್ತೀನ್ರಿ ಮಾಮಾ, ಹಾಲು ಉಕ್ಕಾಕ ಹತ್ತೈತಿ."